ಮಾಸ್ತಮ್ಮನ ಮಗ ಮೀನು ಅಳೆದದ್ದು

ಪೆದ್ದರು ಯಾವ ಊರಲ್ಲಿಲ್ಲ ಹೇಳಿ. ಗದ್ದೆಯ ಊರಲ್ಲಿದ್ದಾರೆ, ಗುಡ್ಡದ ಊರಲ್ಲಿದ್ದಾರೆ, ಪೇಟೆಯಲ್ಲಂತೂ ಕುರ್ಚಿ ಹಾಕಿಕೊಂಡೇ ಕೂತಿದ್ದಾರೆ. ಆದರೆ ನಮ್ಮ ಮಡಿಕೋಡಿ ಬಂದರಿನ ಜಟ್ಟನ ಪಕ್ಕ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ, ಒಬ್ಬೊಬ್ಬರೂ ಹೈಸ್ಕೂಲು ಮೇಷ್ಟ್ರ ಹಾಗೆ ಕಾಣುತ್ತಾರೆ. ಇದು ಜಂಬದ ಮಾತಲ್ಲ. ಜಂಬ ಪಡುವುದಕ್ಕೆ ನಮ್ಮೂರಲ್ಲಿ ಬೇರೆ ಬೇಕಾದಷ್ಟಿದೆ.

ಜಟ್ಟನಿಗೆ ಇಪ್ಪತ್ತೊಂಬತ್ತು ವರ್ಷ. ಕಟ್ಟುಮಸ್ತು ಮೈ, ಏಳನೇ ಕ್ಲಾಸು ಪಾಸು, ಅಕ್ಷರ ಮುತ್ತು. ತಲೆ ಮಾತ್ರ ಹೇಳಿದ್ದು ಹೊಕ್ಕ ಹಾಗೇ ಹೊರಗೆ ಬರುವ ತಲೆ. ‘ಗಂಜಿ ಉಕ್ಕುತ್ತದೆ, ನೋಡು’ ಅಂದರೆ ಉಕ್ಕಿ ಒಲೆ ಆರುವವರೆಗೂ ಎದುರಿಗೆ ಕೂತು ನೋಡುವವ. ಅವನ ಅಬ್ಬೆ ಮಾಸ್ತಮ್ಮ. ಮೂವತ್ತು ವರ್ಷದಿಂದ ಮೀನಿನ ಬುಟ್ಟಿ ಹೊತ್ತು ಒಂಬತ್ತು ಊರು ಸುತ್ತಿದವಳು. ಈಗ ಮೊಣಕಾಲು ಬೇಡ ಅನ್ನುತ್ತದೆ, ಕುತ್ತಿಗೆ ಸಾಕು ಅನ್ನುತ್ತದೆ. ಹೊಟ್ಟೆಯೊಂದು ನಡಿ ಅನ್ನುತ್ತದೆ. ಹಾಗಾಗಿ ನಡೆಯುತ್ತಾಳೆ.

ಆ ವರ್ಷ ಪೇಟೆಯ ಮೀನು ಸಂಶೋಧನೆಯ ಕಚೇರಿಯಿಂದ ಅರುಂಧತಿ ಮೇಡಂ ಬಂದರಿಗೆ ಬಂದರು. ಸಮುದ್ರದಲ್ಲಿ ಎಷ್ಟು ಮೀನಿದೆ, ಬೆಳೆಯುತ್ತಿದೆಯೋ ಸವೆಯುತ್ತಿದೆಯೋ ಅಂತ ತಿಳಿಯುವುದು ಅವರ ಕೆಲಸ. ಸಮುದ್ರವನ್ನೆಲ್ಲ ಸೋಸಿ ಎಣಿಸಲಿಕ್ಕೆ ಆಗುತ್ತದಾ? ಅದಕ್ಕೆ ದಡಕ್ಕೆ ಬಂದ ದೋಣಿಯಿಂದ ನಾಲ್ಕು ಮೀನು ಮಾದರಿ ತೆಗೆದು, ಅಳೆದು, ತೂಗಿ, ಬರೆದು, ಅದರಿಂದ ಉಳಿದದ್ದನ್ನು ಅಂದಾಜು ಮಾಡುತ್ತಾರೆ. ಅಳೆದು ಬರೆಯಲಿಕ್ಕೆ ಒಬ್ಬ ಬೇಕಿತ್ತು. ಮಾಸ್ತಮ್ಮ ಮಗನ ತೋಳು ಹಿಡಿದು ಎಳೆದು ತಂದು ನಿಲ್ಲಿಸಿದಳು.

“ಒಂದು ತಿಂಗಳು ನೋಡುತ್ತೇನೆ,” ಅಂದರು ಮೇಡಂ. “ಸರಿ ಕಂಡರೆ ಮೂರು ವರ್ಷಕ್ಕೆ ಕೆಲಸದ ಕಾಗದ ಮಾಡಿಸುತ್ತೇನೆ. ಇಲ್ಲದಿದ್ದರೆ ಇಲ್ಲ.”

ಮಾಸ್ತಮ್ಮ ಮನಸ್ಸಿನಲ್ಲೇ ಅಂದುಕೊಂಡಳು: ಮಗನಿಗೆ ಕಾಗದ ಆದ ದಿನ ನಾನು ಬುಟ್ಟಿ ಕವುಚಿ ಹಾಕುತ್ತೇನೆ. ಒಂದು ತಿಂಗಳು. ಮೂವತ್ತೇ ದಿನ. ದೇವರೇ, ಮೂವತ್ತು ದಿನ ಇವನ ತಲೆಗೆ ಏನೂ ಹೊಗದಿರಲಿ.

ಮೊದಲ ವಾರವೇ ಹೊಕ್ಕಿತು. ಈರಪ್ಪ ಮೊಗೇರನ ದೋಣಿಗೆ ತೋಳುದ್ದದ ಅಂಜಲ್ ಮೀನು ಬಿದ್ದಿತ್ತು. ಮೇಡಂ ಅದನ್ನು ತೋರಿಸಿ, “ಅಳೆದು ಬರೆದು, ಎಲ್ಲಿಂದ ಬಂತೋ ಅಲ್ಲಿಗೇ ವಾಪಸು ಬಿಡು” ಅಂದರು. ಜಟ್ಟ ಅಳೆದ. ಬರೆದ. ಮೀನನ್ನು ಎರಡೂ ಕೈಯಲ್ಲಿ ಎತ್ತಿ, ದೋಣಿ ನಿಲ್ಲುವ ದಕ್ಕೆಯ ತುದಿಗೆ ನಡೆದು, ಬೀಸಿ ಸಮುದ್ರಕ್ಕೆ ಎಸೆದ.

ಈರಪ್ಪ ಓಡಿ ಬಂದ. “ಏನು ಮಾಡಿದೆಯೋ?”

“ವಾಪಸು ಬಿಟ್ಟೆ.”

“ಸತ್ತ ಮೀನನ್ನಾ?”

“ಬದುಕಿದ್ದರೆ ಮಾತ್ರ ಬಿಡು ಅಂತ ಹೇಳಲಿಲ್ಲ.”

ಮಾಸ್ತಮ್ಮ ಬುಟ್ಟಿ ಇಳಿಸಿದಳು, ಉಸಿರು ಬಿಟ್ಟಳು, ಬುಟ್ಟಿ ಎತ್ತಿದಳು. ಮೇಡಂ ಹತ್ತಿರ ಹೋಗಿ, “ಅಮ್ಮಾ, ಇದೊಂದು ಸಲ” ಅಂದಳು. ಮೇಡಂ ಜಟ್ಟನನ್ನು ಕರೆದು ಬೈದರು. “ಮೀನು ಯಾರದ್ದೋ ಅವರ ಕೈಗೇ ಕೊಡಬೇಕು. ಯಜಮಾನನ ಕೈಗೆ. ನೆಲದಲ್ಲಿಡಬೇಡ, ನೀರಿಗೆ ಹಾಕಬೇಡ, ಬೇರೆಯವರಿಗೆ ಕೊಡಬೇಡ. ತಿಳಿಯಿತಾ?”

“ಯಜಮಾನನ ಕೈಗೆ,” ಅಂದ ಜಟ್ಟ.

ಮರುವಾರ ಈರಪ್ಪನ ಹೊಸಮನೆಯ ಒಕ್ಕಲು. ಈರಪ್ಪ ಪಂಚೆ ಉಟ್ಟು, ಶಾಲು ಹೊದ್ದು, ಹೆಂಡತಿಯ ಜತೆ ಮಣೆಯ ಮೇಲೆ ಕೂತಿದ್ದ. ಅತ್ತ ದಕ್ಕೆಯಲ್ಲಿ ಅವನದ್ದೇ ದೋಣಿ ಬಂತು. ಜಟ್ಟ ಆರು ಬಂಗುಡೆ ಅಳೆದ. ಯಜಮಾನ ಎಲ್ಲಿ? ಮನೆಯಲ್ಲಿ. ಹೊರಟ ಜಟ್ಟ, ಬಂಗುಡೆ ಹಿಡಿದು, ನೀರು ತೊಟ್ಟಿಕ್ಕಿಸುತ್ತ, ಚಪ್ಪರದ ಒಳಗೆ.

ಪೂಜೆ ಮುಗಿದಿತ್ತು. ಭಟ್ಟರು ತೀರ್ಥದ ಉದ್ಧರಣೆ ಎತ್ತಿದ್ದರು. ಈರಪ್ಪ ಕಣ್ಣು ಮುಚ್ಚಿ, ಎಡಗೈ ಮೇಲೆ ಬಲಗೈ ಇಟ್ಟು ಚಾಚಿದ. ಜಟ್ಟ ಆ ಕೈಯಲ್ಲಿ ಆರೂ ಬಂಗುಡೆ ಇಟ್ಟ.

ಭಟ್ಟರ ಉದ್ಧರಣೆ ಅಲ್ಲೇ ನಿಂತಿತು. ಈರಪ್ಪ ಕಣ್ಣು ಬಿಡದೆಯೇ, “ಭಟ್ರೇ, ತೀರ್ಥ ಸ್ವಲ್ಪ ಭಾರ ಆಯ್ತಲ್ಲ” ಅಂದ.

ಅವತ್ತು ಮನೆಯೊಕ್ಕಲು ಎರಡನೇ ಸಲ ಮಾಡಬೇಕಾಯಿತು. ಮಾಸ್ತಮ್ಮ ಬುಟ್ಟಿ ಇಳಿಸಿದಳು, ಉಸಿರು ಬಿಟ್ಟಳು, ಬುಟ್ಟಿ ಎತ್ತಿದಳು. “ಏನಾಯ್ತು ಮಗಾ ನಿನಗೆ?” ಅಂದಳು.

“ಹೇಳಿದ ಹಾಗೇ ಮಾಡಿದೆ ಅಬ್ಬೆ.”

“ಹೌದು. ಅದೇ ಆದದ್ದು.”

ಮೇಡಂ ಈ ಸಲ ಜೋರಾಗಿ ಬೈಯಲಿಲ್ಲ. ಅವರಿಗೂ ಬಳಲಿಕೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಲವತ್ತು ಕಿಲೋಮೀಟರ್ ಬಂದು, ದೋಣಿಯವರ ಹತ್ತಿರ ನಿಜ ಹೊರಡಿಸುವುದು ಅಂದರೆ ಏಡಿಯ ಕಾಲಿನಿಂದ ಮಾಂಸ ಹೊರಡಿಸಿದ ಹಾಗೆ. ಹೆಚ್ಚು ಹಿಡಿದವ ಕಡಿಮೆ ಅನ್ನುತ್ತಾನೆ, ಏನೂ ಹಿಡಿಯದವ ಬಲೆ ಹರಿಯಿತು ಅನ್ನುತ್ತಾನೆ. “ಜಟ್ಟಾ,” ಅಂದರು ಮೇಡಂ, “ಮೀನು ಹಿಡಿದುಕೊಂಡು ಊರು ತಿರುಗಬೇಡ. ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಮುಚ್ಚು. ಆಮೇಲೆ ಮನೆಗೆ ಹೋಗು.”

“ಎಲ್ಲವನ್ನೂ?”

“ಎಲ್ಲವನ್ನೂ.”

ಮರುದಿನ ಮೇಡಂ ಪೆಟ್ಟಿಗೆ ತೆರೆದರು. ಮೀನು ಇತ್ತು. ಮೀನಿನ ಕೆಳಗೆ ತಕ್ಕಡಿ ಇತ್ತು, ಅಳತೆಯ ಹಲಗೆ ಇತ್ತು, ಪೆನ್ಸಿಲು ಇತ್ತು, ಮೇಡಂ ಮರೆತುಹೋಗಿದ್ದ ಕೊಡೆ ಇತ್ತು. ಎಲ್ಲದರ ಕೆಳಗೆ ಹದಿನೆಂಟು ದಿನದ ಅಳತೆ ಬರೆದ ಪುಸ್ತಕ, ನೀರು ಕುಡಿದು ತಲೆದಿಂಬಿನ ಹಾಗೆ ಉಬ್ಬಿಕೊಂಡು ಮಲಗಿತ್ತು.

ಮೇಡಂ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸಮುದ್ರ ನೋಡಿದರು. ಮಾಸ್ತಮ್ಮ ದೂರದಿಂದ ಕಂಡಳು. ಬುಟ್ಟಿ ಇಳಿಸಿದಳು, ಉಸಿರು ಬಿಟ್ಟಳು, ಬುಟ್ಟಿ ಎತ್ತಿದಳು. ಹತ್ತಿರ ಹೋಗಿ ನಿಂತಳು.

“ಪೆನ್ಸಿಲಿನಲ್ಲಿ ಬರೆದಿದ್ದಾನೆ, ಅಳಿಸಿಹೋಗಿಲ್ಲ,” ಅಂದರು ಮೇಡಂ. “ಇನ್ನು ಹನ್ನೊಂದು ದಿನ ಇದೆ ಮಾಸ್ತಮ್ಮ. ನೀವು ಮನೆಗೆ ಹೋಗಿ. ಜಟ್ಟಾ, ಕೇಳು. ಒದ್ದೆಯಾದದ್ದನ್ನು ಬಿಸಿಲಿಗೆ ಹರಡಬೇಕು. ಚೆನ್ನಾಗಿ ಒಣಗಿದ ಮೇಲೆಯೇ ಅಳತೆಗಿಳತೆ, ಬರೆಯುವುದು, ಎಲ್ಲ. ನನಗೆ ನಾಲ್ಕು ದಿನ ಮೀಟಿಂಗು ಇದೆ. ನೀನೇ ನೋಡಿಕೋ.”

ಜಟ್ಟ ನೋಡಿಕೊಂಡ. ಪುಸ್ತಕವನ್ನು ಬಿಸಿಲಿಗೆ ಹರಡಿದ. ದೋಣಿ ಬಂತು, ಬಂಗುಡೆ ತಂತು. ಬಂಗುಡೆ ಒದ್ದೆ. ಅದನ್ನೂ ಹರಡಿದ. ತಾರ್ಲೆ ಒದ್ದೆ, ಹರಡಿದ. ಐಸ್ ಫ್ಯಾಕ್ಟರಿಯ ತಗಡಿನ ಮಾಡಿನ ಮೇಲೆ ನಾಲ್ಕು ದಿನದ ಮಾದರಿ ಚೆನ್ನಾಗಿ ಒಣಗಿ, ಮುರುಟಿ, ಕಟಕಟ ಅನ್ನುವ ಹಾಗಾಯಿತು. ಆಮೇಲೆ ಒಂದೊಂದನ್ನೇ ಅಳೆದ, ತೂಗಿದ, ಮುತ್ತಿನ ಅಕ್ಷರದಲ್ಲಿ ಬರೆದು ಕಚೇರಿಗೆ ಕಳಿಸಿದ.

ಎರಡು ದಿನ ಬಿಟ್ಟು ಮೇಲಿನ ಕಚೇರಿಯಿಂದ ಮೇಡಂಗೆ ಫೋನು. “ನಿಮ್ಮ ದಡದ ಬಂಗುಡೆ ಒಂದೇ ವಾರದಲ್ಲಿ ಎರಡಿಂಚು ಗಿಡ್ಡ ಆಗಿದೆ. ತೂಕ ಅರ್ಧಕ್ಕಿಂತ ಕಡಿಮೆ. ಸಮುದ್ರಕ್ಕೆ ಏನಾಗಿದೆ?” ಸುದ್ದಿ ದಕ್ಕೆಗೂ ಬಂತು. ಮೀನು ಬಡವಾಗಿದೆಯಂತೆ, ಬಲೆ ನಿಲ್ಲಿಸುತ್ತಾರಂತೆ ಅಂತ ದೋಣಿಯವರೆಲ್ಲ ಗುಂಪು ಕೂಡಿದರು. ಮುದುಕನೊಬ್ಬ, “ನಾನು ಆಗಲೇ ಹೇಳಿದ್ದೆ, ಈಗಿನ ಮೀನಿಗೆ ಮೊದಲಿನ ಖದರಿಲ್ಲ” ಅಂದ. ಅಷ್ಟರಲ್ಲಿ ಮೇಡಂ ತಲೆ ಎತ್ತಿ ಐಸ್ ಫ್ಯಾಕ್ಟರಿಯ ಮಾಡು ನೋಡಿದರು. ಅಲ್ಲಿ ಕಾಗೆಗಳು ಸಮುದ್ರದ ಸಂಶೋಧನೆಯನ್ನು ಮುಂದುವರಿಸುತ್ತಿದ್ದವು.

ಮಾಸ್ತಮ್ಮ ಬುಟ್ಟಿ ಇಳಿಸಿದಳು, ಉಸಿರು ಬಿಟ್ಟಳು. ಈ ಸಲ ಎತ್ತಲಿಕ್ಕೆ ಎರಡು ಸಲ ಬಗ್ಗಬೇಕಾಯಿತು.

“ಮಾಸ್ತಮ್ಮ,” ಅಂದರು ಮೇಡಂ, “ನಾಡಿದ್ದಿಗೆ ತಿಂಗಳು ತುಂಬುತ್ತದೆ. ನಾನು ಮೇಲಿನವರಿಗೆ ಏನು ಅಂತ ಬರೆಯಲಿ? ನೀವೇ ಹೇಳಿ.”

“ನನ್ನ ಕುತ್ತಿಗೆ ನೋಡಿ ಬರೆಯಿರಿ ಅಮ್ಮಾ. ಬೇರೆ ನನಗೆ ಗೊತ್ತಿಲ್ಲ.”

ಮೇಡಂ ಅವಳ ಕುತ್ತಿಗೆ ನೋಡಿದರು. “ಇನ್ನೊಂದೇ ಕೆಲಸ ಕೊಡುತ್ತೇನೆ. ಇದು ಸರಿಯಾದರೆ ಸೈ, ತಪ್ಪಿದರೆ ಮುಗಿಯಿತು.” ಮೀನು ಮೊಟ್ಟೆಯಿಡುವ ಕಾಲ ಹತ್ತಿರ ಬಂದಿತ್ತು, ಅದರ ಪರೀಕ್ಷೆಗೆ ಮಾದರಿ ಬೇಕಿತ್ತು. ಜಟ್ಟನನ್ನು ಎದುರಿಗೆ ಕೂರಿಸಿ, ತಪ್ಪಲಿಕ್ಕೆ ಸಂದಿಯೇ ಇಲ್ಲದ ಹಾಗೆ ಹೇಳಿದರು. “ನಾಡಿದ್ದು ಹರಾಜು ಪೂರ್ತಿ ಮುಗಿಯಲಿ. ಶೆಡ್ಡಿನಲ್ಲಿ ಉಳಿದದ್ದನ್ನು ನೋಡು. ಗಂಡು ಬೇಡ, ಮರಿ ಬೇಡ. ಚೆನ್ನಾಗಿ ಬಲಿತ ಹೆಣ್ಣು, ಮೂರು ಬೇಕು. ಅಲ್ಲೇ ಅಳೆ, ತೂಗು, ಮೈಮೇಲಿನ ಗುರುತು ಬರೆ, ಚೀಟಿ ಕಟ್ಟು. ಕೆಳಗೆ ಮಂಜುಗಡ್ಡೆ, ಅದರ ಮೇಲೆ ಗೋಣಿ. ಮೆತ್ತಗೆ ಎತ್ತಬೇಕು, ಕುಲುಕಬಾರದು. ಟೆಂಪೋದಲ್ಲಿ ಕಚೇರಿಗೆ ಕಳಿಸು. ಯಾರನ್ನೂ ಕೇಳಬೇಡ, ಯಾರ ಮಾತೂ ಕೇಳಬೇಡ.”

ಜಟ್ಟ ಅಷ್ಟನ್ನೂ ತಿರುಗಿ ಒಪ್ಪಿಸಿದ. ಒಂದಕ್ಷರ ತಪ್ಪಲಿಲ್ಲ.

ಮೂವತ್ತನೇ ದಿನ ಕಡಲು ಕೆಟ್ಟಿತ್ತು. ಬಂದದ್ದು ನಾಲ್ಕೇ ದೋಣಿ, ಮೀನು ಒಂದು ಹಿಡಿಯಷ್ಟು. ಹರಾಜು ಕೂಗುವ ಮೊದಲೇ ಮುಗಿಯಿತು, ಶೆಡ್ಡು ಗುಡಿಸಿದ ಹಾಗೆ ಖಾಲಿ. ಹಿಂದಿನ ಎರಡು ರಾತ್ರಿ ಚಿಂತೆಯಲ್ಲಿ ಕಣ್ಣು ಮುಚ್ಚದ ಮಾಸ್ತಮ್ಮ ಕಂಬಕ್ಕೆ ಒರಗಿದಳು. ಒರಗಿದವಳು ಜಾರಿದಳು. ಜಾರಿದವಳು ಅಲ್ಲೇ ನೆಲದ ಮೇಲೆ ನಿದ್ದೆ ಹೋದಳು. ಎಂಥ ನಿದ್ದೆ ಅಂದರೆ, ಬಂದರಿನ ಸೈರನ್ನು ಕೂಗಿದರೂ ಏಳದಂಥ ನಿದ್ದೆ.

ಜಟ್ಟ ಬಂದ. ಹರಾಜು ಮುಗಿದಿದೆಯಾ, ಮುಗಿದಿದೆ. ಶೆಡ್ಡಿನಲ್ಲಿ ಉಳಿದದ್ದು ಏನು, ನೋಡಿದ. ಗಂಡಲ್ಲ. ಮರಿಯಲ್ಲ.

ಅಳತೆಪಟ್ಟಿ ತೆಗೆದ.

ಮಾಸ್ತಮ್ಮನಿಗೆ ಎಚ್ಚರವಾದಾಗ ಸೊಂಟದ ಕೆಳಗೆ ತಂಪಾಗಿತ್ತು. ಮೂವತ್ತು ವರ್ಷದಲ್ಲಿ ಇಷ್ಟು ಚೆಂದ ಸೊಂಟ ತಣಿದದ್ದು ನೆನಪಿಲ್ಲ. ಕಣ್ಣು ಬಿಟ್ಟಳು. ಬಿಳಿ ಗೋಡೆ, ಬಿಳಿ ದೀಪ. ಎಡಕ್ಕೆ ಗಾಜಿನ ಜಾಡಿಯಲ್ಲಿ ಹಾವುಮೀನು, ಬಲಕ್ಕೆ ಟ್ರೇ ತುಂಬ ಸೀಗಡಿ. ತಾನು ನಡುವೆ, ದೊಡ್ಡ ಮೀನಿನ ಪೆಟ್ಟಿಗೆಯಲ್ಲಿ, ಗೋಣಿಯ ಮೇಲೆ. ಕಾಲಿನ ಹೆಬ್ಬೆರಳಿಗೆ ಚೀಟಿ. ಮಧ್ಯಾಹ್ನ ಇಳಿಸಿಕೊಂಡ ಜವಾನ, ಪೆಟ್ಟಿಗೆಯ ಮೇಲಿನ ಟಾರ್ಪಾಲು ಎತ್ತಿ ನೋಡದೆಯೇ, ‘ಒಂದು ಮಾದರಿ ಬಂದಿದೆ’ ಅಂತ ರುಜು ಹಾಕಿ ಚಹಾಕ್ಕೆ ಹೋಗಿದ್ದ.

ಮೇಡಂ ಒಳಗೆ ಬಂದರು. ನೋಡಿದರು. ಸ್ಟೂಲು ಎಳೆದುಕೊಂಡು ಕೂತರು.

“ಮಾಸ್ತಮ್ಮ.”

“ಹೌದಮ್ಮಾ. ನಾನೇ.” ಅವಳಿಗೆ ಎಲ್ಲ ಅರ್ಥವಾಗಿತ್ತು. “ಮುಗಿಯಿತಲ್ಲ, ಅಲ್ಲವಾ?”

ಮೇಡಂ ಜಟ್ಟನಿಗೆ ಫೋನು ಹಚ್ಚಿದರು. “ನಾನು ನಿನಗೆ ಏನು ಹೇಳಿದ್ದೆ?” ಅವನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಅದರಲ್ಲಿ ‘ಮೀನು’ ಎಂಬ ಮಾತು ಎಲ್ಲಾದರೂ ಇದೆಯಾ ಅಂತ ಮೇಡಂ ಕಿವಿಗೊಟ್ಟು ಹುಡುಕಿದರು. ಇರಲಿಲ್ಲ. ಫೋನು ಇಟ್ಟು, ಬಗ್ಗಿ, ಹೆಬ್ಬೆರಳಿನ ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದರು.

“ಉದ್ದ, ಮೂಗಿನ ತುದಿಯಿಂದ ಹಿಮ್ಮಡಿವರೆಗೆ ನೂರಾ ಮೂವತ್ತಾರು ಸೆಂಟಿಮೀಟರ್. ಬಾಲ ಇಲ್ಲ. ತೂಕ ನಲವತ್ತೊಂದು ಕಿಲೋ. ಗುರುತು: ನೆತ್ತಿಯಲ್ಲಿ ಸಿಂಬೆ ಕೂರುವಷ್ಟು ಜಾಗ ಕೂದಲಿಲ್ಲ. ಕುತ್ತಿಗೆ ಎಡಕ್ಕೆ ಎರಡು ಬೆರಳು ವಾಲಿದೆ. ಬಲ ಮೊಣಕಾಲು ಎಡದ್ದಕ್ಕಿಂತ ದಪ್ಪ. ಅಂಗಾಲಿನಲ್ಲಿ ಒಡಕು, ಹನ್ನೊಂದು. ಸ್ಥಿತಿ: ಜೀವ ಇದೆ. ಬಹಳ ದಣಿದಿದೆ.”

ಮಾಸ್ತಮ್ಮ ಸೂರು ನೋಡುತ್ತ ಮಲಗಿದ್ದಳು. “ಹನ್ನೊಂದಾ?” ಅಂದಳು. “ನಾನು ಎಣಿಸಿರಲಿಲ್ಲ.”

ಮೇಡಂ ಮೇಜಿನ ಹತ್ತಿರ ಹೋಗಿ ಕಾಗದ ಎಳೆದುಕೊಂಡರು. ‘ಕಂಡದ್ದನ್ನು ಕಂಡ ಹಾಗೇ ಬರೆಯುತ್ತಾನೆ. ಇಂಥವರು ಸಿಗುವುದಿಲ್ಲ. ಮೂರು ವರ್ಷಕ್ಕೆ ಇರಲಿ. ಅವನಿಗೆ ಹೇಳಿಕೊಡುವುದನ್ನು ನಾನು ಕಲಿಯುತ್ತೇನೆ.’ ಕೊನೆಯ ಸಾಲು ಹೊಡೆದುಹಾಕಿ, ರುಜು ಮಾಡಿ, ಮುದ್ರೆ ಒತ್ತಿ, ಮಾಸ್ತಮ್ಮನಿಗೆ ತೋರಿಸಿದರು. ಅವಳಿಗೆ ಓದು ಬಾರದು. ಮುದ್ರೆ ಗೊತ್ತಾಗುತ್ತದೆ. ಕಾಗದವನ್ನು ಎದೆಯ ಮೇಲಿಟ್ಟುಕೊಂಡು, ಏಳದೆ, ಹಾಗೇ ಇದ್ದಳು.

“ಏಳಿ ಮಾಸ್ತಮ್ಮ, ಬಸ್ಸಿಗೆ ಕಳಿಸುತ್ತೇನೆ.”

“ಇನ್ನೊಂದು ಗಳಿಗೆ ಅಮ್ಮಾ. ಮಂಜುಗಡ್ಡೆ ಇನ್ನೂ ಕರಗಿಲ್ಲ.”

ಹೊರಗೆ ಟೆಂಪೋ ನಿಂತ ಸದ್ದಾಯಿತು. ಜವಾನ ಬಾಗಿಲಲ್ಲಿ ಇಣುಕಿ, “ಮೇಡಂ, ಮಡಿಕೋಡಿಯಿಂದ ಬಾಕಿ ಎರಡು ಮಾದರಿ ಬಂತು. ಇವು ಮಾತಾಡುತ್ತವೆ” ಅಂದ.

ಮೀನು ಮಾರುವ ಹೊನ್ನಮ್ಮ ಮತ್ತು ಜಾನಕಿ. ಇಬ್ಬರ ಹೆಬ್ಬೆರಳಿಗೂ ಚೀಟಿ.

“ನಾವೇನೂ ನಿದ್ದೆ ಹೋಗಿರಲಿಲ್ಲ ಮೇಡಂ, ಎಚ್ಚರವೇ ಇದ್ದೆವು,” ಅಂದಳು ಹೊನ್ನಮ್ಮ. “ಜಟ್ಟ ಪೆಟ್ಟಿಗೆ ತಂದಿಟ್ಟ. ಮಲಗಿದೆವು. ಬಿಟ್ಟಿ ಮಲಗು ಅಂದರೆ ಯಾರು ಬೇಡ ಅಂತಾರೆ?”

ಮಾಸ್ತಮ್ಮ ಪೆಟ್ಟಿಗೆಯಲ್ಲಿ ಒಂದು ಮಗ್ಗುಲಿಗೆ ಸರಿದು ಅವರಿಗೆ ಜಾಗ ಬಿಟ್ಟಳು.