ಚಕ್ರದಡಿಯ ನಿಂಬೆಹಣ್ಣು

ಆಂಜನೇಯನ ಗುಡಿ ಮುಂದೆ ಪೂಜೆಗೆ ನಿಂತಿದ್ದ ಎರಡು ಹೊಸ ಅಗ್ಗದ ಸೆಡಾನ್‌ಗಳು ಜಂಬ ಕೊಚ್ಚುತ್ತಿದ್ದವು. “ಪಿಕಪ್‌ನಲ್ಲಿ ನನ್ನನ್ನು ಹಿಡಿಯುವವರಿಲ್ಲ,” ಎಂದಿತು ಕೆಂಪು ಕಾರು. “ತಿರುವಿನಲ್ಲಿ ನಾನು ಅಲುಗುವುದೇ ಇಲ್ಲ,” ಎಂದಿತು ಬಿಳಿ ಕಾರು.

ಕೆಂಪು ಕಾರಿನ ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣಿಗೆ ಮೈಯೆಲ್ಲ ಉರಿದುಹೋಯಿತು. “ಷೋರೂಮಿನಿಂದ ಗುಡಿಗೆ ಬಂದಿದ್ದಕ್ಕೇ ಇಷ್ಟು ಬಾಯೇ? ಐದು ಜನರನ್ನು ಹೊತ್ತು ಎದುರಿನ ಹಂಪ್ ದಾಟಿ, ಆಮೇಲೆ ಮಾತಾಡಿ!”

ಕೆಂಪು ಕಾರಿಗೆ ಮನೆಮಂದಿ ಐದೂ ಜನ ಹತ್ತಿ ಕೂತರು. “ಕಾಲಡಿ ಬಿದ್ದಿರುವ ನೀನು ನನಗೆ ಬುದ್ಧಿ ಹೇಳುವೆಯಾ?” ಎಂದು ಕಾರು ಅದನ್ನು ಪಚಕ್ಕನೆ ಅರೆದು ನುಗ್ಗಿತು. ಒಡೆದ ನಿಂಬೆಹಣ್ಣು ನೋಡುತ್ತಿದ್ದಂತೆಯೇ, ಕಾರು ಹತ್ತೇ ಮಾರು ಹೋಗಿ, ಹಂಪ್‌ಗೆ ಹೊಟ್ಟೆ ತಾಗಿ ನಿಂತಿತು.

“ಎಲ್ಲ ಆ ನಿಂಬೆಹಣ್ಣಿನಿಂದ!” ಎಂದು ಕಿರುಚಿತು.

“ಹೌದು, ಅದರದೇ ತಪ್ಪು,” ಎಂದಿತು ಹಿಂದಿದ್ದ ಬಿಳಿ ಕಾರು, ತನ್ನ ಚಕ್ರದಡಿಯ ನಿಂಬೆಹಣ್ಣನ್ನು ಅರೆಯುತ್ತ.