ರತ್ನಪಕ್ಷಿಗೆ ಮುಗಿದ ಕೈ

ಇದನ್ನು ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು, ಯಾರೂ ತಡೆಯಲ್ಲ. ನಮ್ಮೂರಿನವರು ಸುಳ್ಳು ಹೇಳೋ ಜಾಯಮಾನದವರಲ್ಲ. ಹೇಳಿದರೂ ಹಕ್ಕಿಮರಿಯಷ್ಟು ಸಣ್ಣ ಸುಳ್ಳು ಹೇಳಲ್ಲ. ಅನುಮಾನ ಇದ್ದವರು ಬಂದು ಕೆಂಪರಾಜನ ಹಿತ್ತಲಲ್ಲಿ ನಿಂತು ನೋಡಲಿ. ಸೋತೆ ಅಂತ ಒಪ್ಪಿಕೊಂಡವರಿಗೆ ನಮ್ಮ ಮನೆಯಲ್ಲೇ ಮುದ್ದೆ ಊಟ.

ಕೆಂಪರಾಜ ಅಂದರೆ ಸುತ್ತ ಹತ್ತೂರಿಗೆ ಗೊತ್ತು. ಎಂಥಾ ಪುಂಡ ಹೋರಿಯಾದರೂ ಅವನು ಮೂಗುದಾರ ಹಿಡಿದರೆ ಕರು ಆಗಿಬಿಡುತ್ತಿತ್ತು. ಹೋರಿಗೆ ಹೆದರಿದವನಲ್ಲ, ಹಾವಿಗೆ ಹೆದರಿದವನಲ್ಲ. ಅವನ ಹೆಂಡತಿ ಚೆನ್ನಾಜಿ ಮಾತ್ರ ಆ ವರ್ಷ ಎಲ್ಲಕ್ಕೂ ಹೆದರುತ್ತಿದ್ದಳು. ಹಿಂದಿನ ಸಲ ಬಸುರು ನಿಂತಿರಲಿಲ್ಲ. ಈಗ ಮತ್ತೆ ಬಸುರಿ. ಹೊಸಿಲು ದಾಟುವಾಗಲೂ ಹೊಟ್ಟೆಯ ಮೇಲೆ ಒಂದು ಕೈ.

ಹಿತ್ತಲ ನಿಂಬೆಗಿಡಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಕೊಂಡಿತ್ತು. ಆ ಮುಳ್ಳು, ಆ ಎಲೆಗಳ ಒಳಗೆ ಒಂದು ಜೋಡಿ ಪಿಕಳಾರ ಹಕ್ಕಿಗಳು ಗೂಡು ಕಟ್ಟಿದವು. ಬಸುರಿ ಇರೋ ಮನೆಯಲ್ಲಿ ಹಕ್ಕಿ ಗೂಡು ಕಟ್ಟಿ ಮರಿ ಹಾರಿಸಿದರೆ ಆ ಮನೆಯ ತೊಟ್ಟಿಲೂ ತುಂಬುತ್ತೆ ಅಂತ ಅತ್ತೆ ದೊಡ್ಡತಾಯಮ್ಮ ಹೇಳಿದ್ದೇ ಹೇಳಿದ್ದು, ಚೆನ್ನಾಜಿಯ ಜೀವವೆಲ್ಲ ಆ ಗೂಡಿನಲ್ಲೇ ಸಿಕ್ಕಿಕೊಂಡಿತು. ಮೊಟ್ಟೆ ಒಡೆದು ಮರಿ ಬಂದ ದಿನ ಅವಳು ಹೊಟ್ಟೆ ತುಂಬ ಉಂಡಳು.

ಅದೇ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಕೆಂಬೂತ ಬರತೊಡಗಿತು. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಗುಡಾಣದೊಳಗಿಂದ ಯಾರೋ ಕೂಗಿದ ಹಾಗೆ ಅದರ ದನಿ. ನಮ್ಮ ಕಡೆ ಅದಕ್ಕೆ ರತ್ನಪಕ್ಷಿ ಅಂತಲೂ ಹೆಸರು. ಬೆಳಿಗ್ಗೆ ಅದರ ಮುಖ ನೋಡಿದರೆ ಹಿಡಿದ ಕೆಲಸ ಕೈಗೂಡುತ್ತೆ ಅನ್ನುತ್ತಾರೆ. ಕೆಂಪರಾಜ ಅದನ್ನು ಮೊದಲು ನೋಡಿದ ದಿನವೇ ಕಳೆದುಹೋಗಿದ್ದ ಕಡಸು ತಾನಾಗಿ ಮನೆಗೆ ಬಂತು. ಅಲ್ಲಿಗೆ ಮುಗೀತು. ಇವನು ದಿನಾ ಎದ್ದವನೇ ಹಿತ್ತಲಿಗೆ ಹೋಗಿ ಕೈ ಮುಗಿಯತೊಡಗಿದ.

ಅದು ಬಂದಾಗಲೆಲ್ಲ ಪಿಕಳಾರಗಳು ಗಂಟಲು ಹರಿಯೋ ಹಾಗೆ ಕಿರುಚುತ್ತಿದ್ದವು. ಆ ಕಿರುಚು ಕೇಳಿದರೆ ಚೆನ್ನಾಜಿ ಕೈಲಿದ್ದ ಕೆಲಸ ಬಿಟ್ಟು ಹಿತ್ತಲಿಗೆ ಬರುತ್ತಿದ್ದಳು. ಅದು ಒಳ್ಳೇದಕ್ಕೆ ಬರುತ್ತಿಲ್ಲ, ಓಡಿಸಿ ಅಂತ ಗಂಡನನ್ನು ಬೇಡಿಕೊಂಡಳು. ತಾನೇ ಓಡಿಸೋಣ ಅಂತ ಸೆರಗಲ್ಲಿ ಕಲ್ಲು ಕಟ್ಟಿಕೊಂಡು ಕಾದಳು. ಕೆಂಪರಾಜ ಆ ಕಲ್ಲುಗಳನ್ನು ಕಿತ್ತುಕೊಂಡು ಬೇಲಿಯಾಚೆ ಎಸೆದ.

"ಮನೆಗೆ ಬಂದ ಲಕ್ಷ್ಮಿಗೆ ಕಲ್ಲು ಹೊಡೀತಾರೇನೇ?" ಅಂದ.

ಇಷ್ಟಕ್ಕೇ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಟೀ ಅಂಗಡಿಯಲ್ಲಿ ಕೂತು, ರತ್ನಪಕ್ಷಿ ನನ್ನನ್ನು ಹುಡುಕಿಕೊಂಡು ಬರುತ್ತೆ ಅಂತ ಕೊಚ್ಚಿಕೊಂಡ. ಅಂಗಡಿಯ ಬೋರಯ್ಯ ಸುಮ್ಮನಿರೋ ಆಸಾಮಿಯೇ? ನವಿಲು ಕುಣೀತು ಅಂತ ತನ್ನ ಪುಕ್ಕ ಕಿತ್ತುಕೊಂಡಿದ್ದು ಅದೇ ಹಕ್ಕಿ ಅಲ್ಲವೇನಪ್ಪ, ಇಬ್ಬರೂ ಸರಿಯಾಗಿ ಸೇರಿದ್ದೀರಿ ಅಂದ. ಎಲ್ಲರೂ ನಕ್ಕರು. ಕೆಂಪರಾಜನಿಗೆ ಮೈಯೆಲ್ಲ ಉರಿಯಿತು. ನಾಳೆ ಬೆಳಿಗ್ಗೆ ಬೀದಿಯಲ್ಲೇ ನಿಂತು ನೋಡಿ, ತೋರಿಸ್ತೀನಿ ಅಂತ ಸವಾಲು ಹಾಕಿ ಬಂದ.

ಬೀದಿಗೆ ಕೆಂಬೂತ ಕೂರೋ ಗೋಡೆ ಕಾಣಬೇಕಾದರೆ ನಿಂಬೆಗಿಡ ಅಡ್ಡ. ಕುಡುಗೋಲು ತಂದ. ಮಲ್ಲಿಗೆ ಬಳ್ಳಿ ಎಳೆದು ಹಾಕಿದ. ಮುಳ್ಳುಕೊಂಬೆಗಳನ್ನು ಸವರಿದ. ಗೂಡಿದ್ದ ಕವಲನ್ನು ಮಾತ್ರ ಮುಟ್ಟಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು. ಆದರೆ ಆ ಬೋಳು ಗಿಡದಲ್ಲಿ ಗೂಡು, ಅಂಗೈ ಚಾಚಿ ಏನೋ ಕೊಡುವವರ ಹಾಗೆ ಎಲ್ಲರ ಕಣ್ಣಿಗೂ ಕಾಣುವಂತಾಯಿತು. ಚೆನ್ನಾಜಿ ನೋಡಿದಳು. ಗೋಡೆ ಹಿಡಿದು ಕೂತುಬಿಟ್ಟಳು.

ಬೆಳಿಗ್ಗೆ ಬೀದಿಯಲ್ಲಿ ಜನ. ಕೆಂಬೂತ ಬಂತು. ಕೆಂಪರಾಜ ಮೀಸೆ ತಿರುವಿ, ಜನರ ಕಡೆ ಒಮ್ಮೆ ನೋಡಿ, ಕೈ ಮುಗಿದು ಕಣ್ಣು ಮುಚ್ಚಿದ.

ಪಿಕಳಾರಗಳ ಕಿರುಚು ಕೇಳಿ ಕಣ್ಣು ಬಿಟ್ಟ. ಕೆಂಬೂತ ಗೋಡೆಯ ಮೇಲಿರಲಿಲ್ಲ. ಗೂಡಿನ ಅಂಚಿನಲ್ಲಿತ್ತು. ಅದರ ಕೊಕ್ಕಿನಲ್ಲಿ ಇನ್ನೂ ರೆಕ್ಕೆ ಬಲಿಯದ ಮರಿ ಕಾಲು ಆಡಿಸುತ್ತಿತ್ತು. ಹೋರಿ ನುಗ್ಗಿ ಬಂದರೂ ಅಲುಗದವನಿಗೆ ಮುಗಿದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅವನು ಕೂಗಿ ಓಡುವಷ್ಟರಲ್ಲಿ ಅದು ಬೇಲಿ ದಾಟಿತ್ತು. ಅವನು ಕೋಲು ಹಿಡಿದು ಈ ಕಡೆ ನಿಂತರೆ ಅದು ಆ ಕಡೆಯಿಂದ ಮತ್ತೆ ಬಂದು ಉಳಿದ ಮರಿಗಳನ್ನೂ ಎತ್ತಿತು. ಗೂಡು ಮುಚ್ಚಿಡೋಕೆ ಒಂದು ಎಲೆಯೂ ಇರಲಿಲ್ಲ. ಬಿಸಿಲೇರುವಷ್ಟರಲ್ಲಿ ಗೂಡು ಬರಿದು.

ಚೆನ್ನಾಜಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ.

"ಅದು ಮರಿ ಎತ್ಕೊಂಡಾಗ ನೀವು ಕೈ ಮುಗಿದು ನಿಂತಿದ್ರಾ?" ಅಂದಳು.

ಕೆಂಪರಾಜ ಮಚ್ಚು ತಗೊಂಡು ಕೆಂಬೂತದ ಹಿಂದೆ ಹೊರಟ. ದೊಡ್ಡತಾಯಮ್ಮ ಅಡ್ಡ ನಿಂತಳು.

"ಬ್ಯಾಡ ಕಣ್ಲಾ. ಅದಕ್ಕೂ ಎಲ್ಲೋ ಮರಿ ಅವೆ. ಅದು ಅದರ ಹೊಟ್ಟೆಪಾಡು ನೋಡ್ಕತು. ಬಳ್ಳಿ ಕೊಯ್ದೋನು ನೀನು."

ಅವತ್ತೇ ಚೆನ್ನಾಜಿ ಅಣ್ಣನನ್ನು ಕರೆಸಿಕೊಂಡು ತವರಿಗೆ ಹೋದಳು. ಆಮೇಲೆ ಶುರುವಾಯಿತು ನೋಡಿ ಕೆಂಪರಾಜನ ಭಯ. ಫೋನು ಹೊಡೆದುಕೊಂಡರೆ ಬೆವರು. ಹೊಡೆದುಕೊಳ್ಳದಿದ್ದರೂ ಬೆವರು. ತೊಟ್ಟಿಲು ತುಂಬದಿದ್ದರೆ ಅದು ತನ್ನ ಕುಡುಗೋಲಿನ ಪಾಪ ಅಂತ ಅವನ ತಲೆ ಹೊಕ್ಕುಬಿಟ್ಟಿತ್ತು. ಟೀ ಅಂಗಡಿಯ ಕಡೆ ಅವನು ತಲೆ ಹಾಕಲಿಲ್ಲ. ಹೊಸಬರು ಹೋರಿ ತಂದರೆ ಮೂಗುದಾರ ಮುಟ್ಟದೆ ವಾಪಸ್ ಕಳಿಸಿದ.

ಕೊನೆಗೊಂದು ಮಧ್ಯಾಹ್ನ ಚೆನ್ನಾಜಿಯ ತವರಿಂದ ಫೋನು ಬಂತು. ಎತ್ತಲು ಅವನಿಗೆ ಧೈರ್ಯ ಬರಲಿಲ್ಲ. ತಾಯಿ ಎತ್ತಿದಳು. ಹೆಣ್ಣುಮಗು, ಇಬ್ಬರೂ ಕ್ಷೇಮ.

ಓಡಿದ. ಬಾಣಂತಿಯ ಕೋಣೆಯ ಹೊಸಿಲು ದಾಟಿ ಬಾಗಿಲ ಬಳಿಯೇ ನಿಂತ. ಚೆನ್ನಾಜಿ ಮಗುವಿನ ಮೇಲೆ ಸೆರಗು ಹೊದಿಸಿದಳು.

"ಬಾಗಿಲು ಹಾಕಿ. ಬೆಕ್ಕು ಬರುತ್ತೆ" ಅಂದಳು.

ಬಾಗಿಲು ಹಾಕಿದ. ಚಿಲಕ ಸರಿಯಾಗಿ ಬಿತ್ತೋ ಇಲ್ಲವೋ ಅಂತ ಎಳೆದು ನೋಡಿದ. ಕಿಟಕಿಯನ್ನೂ ನೋಡಿದ. ಆಗ ಅವಳು ಮಗುವನ್ನು ಅವನ ಕೈಗೆ ಕೊಟ್ಟಳು.

ಕೆಂಪರಾಜನಿಗೆ ಕೊನೆಗೆ ಸಿಕ್ಕಿದ್ದು ಇಷ್ಟು: ಒಂದು ಹೆಣ್ಣುಮಗು, ಅದನ್ನು ಕಾಯುವಷ್ಟು ಭಯ.

ನೀತಿ: ನಮಗೆ ಶುಭ ಅನ್ನಿಸಿದ್ದು ಇನ್ನೊಬ್ಬರ ಗೂಡಿಗೆ ಸಾವಾಗಿರಬಹುದು. ಶಕುನಕ್ಕೆ ಕೈ ಮುಗಿಯುವ ಮೊದಲು, ಪಕ್ಕದಲ್ಲಿ ಹೆದರಿ ನಿಂತವರ ಮಾತು ಕೇಳು.