ಬಸುರಿಕಲ್ಲು ಮತ್ತು ಬಿತ್ತನೆ ಗೂಡು

ದೇವೀರಮ್ಮನ ಹತ್ತಿರ ಒಂಬತ್ತು ಕಲ್ಲುಗಳಿದ್ದವು. ಹೊಳೆಯಲ್ಲಿ ಉರುಳಿ ಉರುಳಿ ನುಣ್ಣಗಾದ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡ ಕಲ್ಲುಗಳು. ಒಂದೊಂದರ ಮೇಲೂ ಒಂದೊಂದು ಗುರುತು ಕೊರೆದಿತ್ತು. ನೇಗಿಲು, ದಾರಿ, ಬಾಗಿಲು, ಕಣ್ಣು, ಹೀಗೆ. ತವರಿನ ಅಜ್ಜಿ ಸಾಯುವ ಮುಂಚೆ ಕೊಟ್ಟ ಆಸ್ತಿ ಅದೊಂದೇ. ಬೆಳಗ್ಗೆ ಎದ್ದು ಮುಖ ತೊಳೆದು ದೀಪ ಹಚ್ಚಬೇಕು, ಮನಸ್ಸಿನಲ್ಲೇ ಒಂದು ಮಾತು ಕೇಳಿಕೊಳ್ಳಬೇಕು, ಚೀಲಕ್ಕೆ ಕೈ ಹಾಕಿ ಒಂದು ಕಲ್ಲು ತೆಗೆಯಬೇಕು. ಬಂದ ಗುರುತನ್ನು ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡು ದಿನದ ಕೆಲಸ ಮಾಡಬೇಕು. ಬೀದಿಯಲ್ಲಿ ಕೂತು ಊರವರಿಗೆಲ್ಲ ಕಣಿ ಹೇಳುವ ವಿದ್ಯೆ ಅದಲ್ಲ. ತನಗೆ ತಾನೇ ಕೇಳಿಕೊಳ್ಳುವುದು, ಅಷ್ಟೇ.

ಆ ಒಂಬತ್ತರಲ್ಲಿ ಒಂದಕ್ಕೆ ಬಸುರಿಕಲ್ಲು ಅಂತ ಹೆಸರು. ಅದರ ಮೇಲೆ ನಾಲ್ಕೇ ಗೀರು. ನಾಲ್ಕೂ ತುದಿಗೆ ತುದಿ ಕೂಡಿ ಒಂದು ಓರೆ ಚೌಕ ಆಗಿತ್ತು. ಒಳಗೆ ಖಾಲಿ. "ಇದು ಫಲದ ಗುರುತು ಮಗಾ. ಇದು ಬಂತು ಅಂದ್ರೆ ಏನೋ ಹುಟ್ಟುತ್ತೆ ಅಂತ ಅರ್ಥ" ಎಂದು ಅಜ್ಜಿ ಹೇಳಿಕೊಟ್ಟಿದ್ದಳು.

ದೇವೀರಮ್ಮನಿಗೆ ಆ ಕಲ್ಲು ಕಂಡರೆ ಆಗುತ್ತಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಮೊದಮೊದಲು ಬಸುರಿಕಲ್ಲು ಕೈಗೆ ಬಂದ ದಿನ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ನೀರಿನ ಕೊಡ ಎತ್ತುವಾಗಲೂ ಹುಷಾರು, ಮೆಟ್ಟಿಲು ಇಳಿಯುವಾಗಲೂ ಹುಷಾರು. ತಿಂಗಳು ತಿರುಗುವಷ್ಟರಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಹೀಗೆ ಎಷ್ಟು ಸಲವೋ. ಕೊನೆಗೆ, ಕಲ್ಲಿಗೂ ಸುಳ್ಳು ಹೇಳಲು ಬರುತ್ತದೆ ಅಂತ ಅವಳು ತೀರ್ಮಾನಿಸಿಬಿಟ್ಟಳು. ಆದರೂ ಚೀಲ ಬಿಸಾಕಲು ಮನಸ್ಸು ಬರಲಿಲ್ಲ. ನಮ್ಮ ನಿಮ್ಮ ಹಾಗೇ ಅವಳೂ.

ಅವಳು ಸೇರಿದ್ದು ರೇಷ್ಮೆ ಹುಳು ಸಾಕುವ ಊರು. ಮೊಟ್ಟೆಯನ್ನು ಎಲ್ಲಿಂದಲೋ ಕೊಂಡು ತರುವ ಕಾಲ ಅದಲ್ಲ. ಪ್ರತಿ ಬೆಳೆಯಲ್ಲೂ ಚೆನ್ನಾಗಿರುವ ಒಂದಷ್ಟು ಗೂಡುಗಳನ್ನು ಕುದಿಯುವ ನೀರಿಗೆ ಹಾಕದೆ ತೆಗೆದಿಡಬೇಕು. ಅವು ಬಿತ್ತನೆ ಗೂಡು. ಒಳಗಿನ ಹುಳು ಚಿಟ್ಟೆಯಾಗಿ ಹೊರಗೆ ಬಂದು ಮೊಟ್ಟೆ ಇಟ್ಟರೆ ಊರಿಗೆ ಮುಂದಿನ ಬೆಳೆ. ಆ ಗೂಡುಗಳನ್ನು ಹೆತ್ತ ತಾಯಿಯೇ ಮುಟ್ಟಬೇಕು, ಬರಿ ಮಡಿಲಿನವಳು ಮುಟ್ಟಿದರೆ ಬಿತ್ತನೆ ಸೀದುಹೋಗುತ್ತದೆ ಅಂತ ಊರಿನ ಕಟ್ಟಳೆ. ದೇವೀರಮ್ಮನ ಅತ್ತೆ ಹೊನ್ನಾಜಮ್ಮ ನಲವತ್ತು ವರ್ಷದಿಂದ ಊರಿಗೆಲ್ಲ ಬಿತ್ತನೆ ನೋಡಿಕೊಟ್ಟವಳು. ಸೊಸೆ ಸೊಪ್ಪು ಕೊಯ್ಯುತ್ತಿದ್ದಳು, ಹುಳುವಿಗೆ ಹಾಕುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು. ಬಿತ್ತನೆ ಕೋಣೆಯ ಹೊಸಿಲು ಮಾತ್ರ ಒಂದು ಸಲವೂ ದಾಟಿರಲಿಲ್ಲ.

ಆ ವರ್ಷ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹಾಳು ಥಂಡಿ ಬಂತು. ಹಿಂದೆಯೇ ಸುಣ್ಣಕಟ್ಟು ರೋಗ. ಮನೆಮನೆಯಲ್ಲೂ ಹುಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಸೆಟೆದು ಸತ್ತವು. ಊರವರು ತಟ್ಟೆಗಳನ್ನೇ ಬೆಂಕಿಗೆ ಹಾಕಿದರು. ಉಳಿದದ್ದು ಹೊನ್ನಾಜಮ್ಮನ ಮನೆಯ ಒಂದೇ ಒಂದು ಚಂದ್ರಿಕೆ. ಹುಳು ಗೂಡು ಕಟ್ಟಲಿ ಅಂತ ಬಿದಿರಿನಲ್ಲಿ ಸುತ್ತು ಸುತ್ತಾಗಿ ಹೆಣೆದ ತಟ್ಟೆ ಅದು. ಅದರಲ್ಲಿ ನೂರು ಚಿಲ್ಲರೆ ಗೂಡು. ತಾತ ಮುತ್ತಾತಂದಿರ ಕಾಲದಿಂದ ಬಂದ ತಳಿ ಇಷ್ಟೇ ಉಳಿದದ್ದು. ಇದೂ ಹೋಯಿತೆಂದರೆ ಊರಿಗೆ ಹುಳುವೂ ಇಲ್ಲ, ಕಸುಬೂ ಇಲ್ಲ.

ಹೊನ್ನಾಜಮ್ಮನ ಕಣ್ಣಿಗೆ ಅದೇ ವರ್ಷ ಪೊರೆ ಪೂರ್ತಿ ಮುಚ್ಚಿತ್ತು. ಮಗ ಚೆನ್ನಂಜ, ದೇವೀರಮ್ಮನ ಗಂಡ, ಒಳ್ಳೆಯವನೇ, ಆದರೆ ಅವನ ಕೈಗೆ ಕೊಟ್ಟರೆ ಬಿತ್ತನೆ ಗೂಡನ್ನು ಕಡಲೆಕಾಯಿ ಥರ ಮೂಟೆ ಕಟ್ಟುವಂಥವನು. ಮುದುಕಿ ಒಂದು ದಿನವೆಲ್ಲ ಯೋಚನೆ ಮಾಡಿ ಸೊಸೆಯನ್ನು ಕರೆದಳು.

"ದೇವೀರಿ, ಇನ್ನು ನೀನೇ ನೋಡಬೇಕು."

"ನಾನಾ ಅತ್ತೆ? ನನ್ನ ಕೈಲಾ?"

"ಇನ್ಯಾರ ಕೈ ಇದೆ ಈ ಮನೇಲಿ?"

ಪಕ್ಕದ ಮನೆಯ ಕಾಳಮ್ಮಣ್ಣಿ ಇದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಳು. ಐದು ಮಕ್ಕಳ ತಾಯಿ, ಬಾಯಿ ಜೋರು. "ಊರಿನ ಬಿತ್ತನೆ ಅವಳ ಕೈಗೆ ಕೊಟ್ರಾ? ಮುಗೀತು ಬಿಡು" ಅಂದಳು. ಮೆಲ್ಲಗೆ ಅನ್ನಲಿಲ್ಲ.

ಮಾರನೆಯ ಬೆಳಗ್ಗೆ ದೇವೀರಮ್ಮ ದೀಪ ಹಚ್ಚಿ ಚೀಲ ತೆಗೆದಳು. ನನ್ನ ಕೈಯಲ್ಲಿ ಇವು ಬದುಕುತ್ತವಾ ಅಂತ ಕೇಳಿಕೊಂಡಳು. ಕೈಗೆ ಬಂದದ್ದು ಬಸುರಿಕಲ್ಲು. ಬೇರೆ ಯಾರಾದರೂ ಆಗಿದ್ದರೆ ನೆಮ್ಮದಿಯ ಉಸಿರು ಬಿಟ್ಟು ದಿನದ ಕೆಲಸಕ್ಕೆ ಹೋಗುತ್ತಿದ್ದರು. ದೇವೀರಮ್ಮ ಮಾತ್ರ, ಹನ್ನೊಂದು ವರ್ಷ ನನ್ನನ್ನು ಕುಣಿಸಿದ ಕಲ್ಲು ಇದು, ಇದರ ಮಾತು ನಂಬುವುದು ಹೇಗೆ ಅಂದುಕೊಂಡಳು. ಒಂದು ಗೂಡು ತೆಗೆದು ಕತ್ತರಿಯಿಂದ ತುದಿ ಕೊಯ್ದು ಒಳಗೆ ನೋಡಿದಳು. ಹುಳುವೂ ಅಲ್ಲದ ಚಿಟ್ಟೆಯೂ ಅಲ್ಲದ, ಮೆತ್ತಗಿನ ಹಳದಿ ಜೀವವೊಂದು ಅಲ್ಲಿ ಮಿಸುಕಿತು. ಮಧ್ಯಾಹ್ನದ ಹೊತ್ತಿಗೆ ಅದು ಕಪ್ಪಾಗಿ ಸತ್ತುಹೋಯಿತು.

ಎರಡನೆಯ ಬೆಳಗ್ಗೆ ಅದೇ ಪ್ರಶ್ನೆ ಕೇಳಿದಳು, ಅದೇ ಕಲ್ಲು ಬಂತು. ಈ ಸಲ ಚಂದ್ರಿಕೆಯ ಇನ್ನೊಂದು ಮೂಲೆಯಿಂದ ಎರಡು ಗೂಡು ಕೊಯ್ದಳು. ಎರಡೂ ಸತ್ತವು. ಮೂರನೆಯ ಬೆಳಗ್ಗೆ ಚೀಲವನ್ನು ಚೆನ್ನಾಗಿ ಕುಲುಕಿ ಕಣ್ಣು ಮುಚ್ಚಿ ಕೈ ಹಾಕಿದರೂ ಅದೇ ಓರೆ ಚೌಕ. ಅಂದು ಐದು ಗೂಡು ಕೊಯ್ದಳು. ಐದೂ ಸತ್ತವು.

ಎಂಟು ಗೂಡು ಹೀಗೆ ಹಾಳಾದ ಮೇಲೆ ಅವಳಿಗೆ ಅನುಮಾನವೇ ಉಳಿಯಲಿಲ್ಲ. ಕಾಳಮ್ಮಣ್ಣಿ ಹೇಳಿದ್ದೇ ನಿಜ, ನನ್ನ ಕೈಯೇ ಬಂಜೆ ಅಂದುಕೊಂಡಳು. ಚಿಟ್ಟೆ ಬರದ ಗೂಡುಗಳ ಮುಂದೆ ಊರವರೆಲ್ಲ ನಿಂತು ತನ್ನ ಮುಖ ನೋಡುವುದನ್ನು ನೆನೆದಳು. ಅದಕ್ಕಿಂತ ಈಗಲೇ ನೀರು ಕಾಯಿಸಿ ಉಳಿದ ಗೂಡು ಹಾಕಿ ನೂಲು ತೆಗೆದರೆ ನೂಲಾದರೂ ಸಿಗುತ್ತದಲ್ಲ ಅನ್ನಿಸಿತು. ನಡುಮಧ್ಯಾಹ್ನ ಒಲೆ ಹಚ್ಚಿ ಹಂಡೆ ಇಟ್ಟಳು. ಚಂದ್ರಿಕೆಯಿಂದ ಗೂಡುಗಳನ್ನು ಬಿಡಿಸಿ ಮೊರಕ್ಕೆ ತುಂಬಿಕೊಂಡಳು.

ಜಗುಲಿಯಲ್ಲಿ ಕೂತಿದ್ದ ಹೊನ್ನಾಜಮ್ಮನಿಗೆ ಕಟ್ಟಿಗೆ ಚಟಗುಟ್ಟುವುದು ಕೇಳಿಸಿತು. ಗೋಡೆ ಸವರಿಕೊಂಡು ಒಳಗೆ ಬಂದಳು.

"ಉಂಡಾಯ್ತು, ಪಾತ್ರೆಯೂ ಆಯ್ತು. ಈಗ ಯಾಕೆ ಒಲೆ?"

ದೇವೀರಮ್ಮ ಮೊರ ಹಿಡಿದುಕೊಂಡೇ ಕುಸಿದು ಕೂತಳು. ಅಳುತ್ತಾ ಎಲ್ಲವನ್ನೂ ಹೇಳಿದಳು. ಕಲ್ಲು, ಕತ್ತರಿ, ಎಂಟು ಗೂಡು, ಒಂದೂ ಬಿಡಲಿಲ್ಲ. ಹನ್ನೊಂದು ವರ್ಷ ಯಾರಿಗೂ ತೋರಿಸದ ಬಸುರಿಕಲ್ಲನ್ನು ಅತ್ತೆಯ ಅಂಗೈಗೆ ಹಾಕಿದಳು.

ಕಣ್ಣು ಕಾಣದ ಮುದುಕಿ ಹೆಬ್ಬೆರಳಿನಿಂದ ಗುರುತನ್ನು ಸವರಿದಳು. ಒಂದು ಗೀರು, ಇನ್ನೊಂದು, ಮತ್ತೊಂದು, ಮಗದೊಂದು. ಮತ್ತೆ ಮೊದಲಿನಿಂದ ಸವರಿದಳು.

"ಇದಕ್ಕೆ ಬಾಗಿಲು ಎಲ್ಲಿದೆ ಮಗಾ?"

"ಬಾಗಿಲಿಲ್ಲ ಅತ್ತೆ. ನಾಲ್ಕು ಕಡೆಯೂ ಮುಚ್ಚಿದೆ."

"ಹಂಗಾದ್ರೆ ನೀನು ಕತ್ತರಿ ಹಿಡ್ಕೊಂಡು ಎಲ್ಲಿಂದ ಒಳಗೆ ಹೋಗೋಕೆ ನೋಡಿದೆ?"

ದೇವೀರಮ್ಮ ಮೊರವನ್ನು ನೆಲಕ್ಕಿಟ್ಟಳು.

"ಗೂಡು ಕಟ್ಟಿ ಇನ್ನೂ ವಾರ ಆಗಿಲ್ಲ ಕಣೆ. ಒಳಗೆ ಹಳೇ ಮೈ ಕರಗ್ತಾ ಇರುತ್ತೆ, ಹೊಸ ಮೈ ಇನ್ನೂ ಗಟ್ಟಿಯಾಗಿರಲ್ಲ. ಆ ಹೊತ್ತಲ್ಲಿ ಯಾರು ಕೊಯ್ದರೂ ಸಾಯುತ್ತೆ. ಹತ್ತು ಹೆತ್ತವಳು ಕೊಯ್ದರೂ ಸಾಯುತ್ತೆ. ನಿನಗೆ ಅದು ಗೊತ್ತಿಲ್ಲ. ಗೊತ್ತಾಗೋಕೆ ನಾನು ನಿನ್ನ ಆ ಕೋಣೆಗೆ ಬಿಟ್ಟಿದ್ದರೆ ತಾನೆ." ಮುದುಕಿ ಕಲ್ಲನ್ನು ಸೊಸೆಯ ಅಂಗೈಗೆ ವಾಪಸ್ಸು ಇಟ್ಟಳು. ಆಮೇಲೆ ಅಂದಳು: "ಚೆನ್ನಂಜ ಹುಟ್ಟೋಕೆ ಆರು ವರ್ಷ ಮುಂಚಿನಿಂದ ನಾನು ಬಿತ್ತನೆ ನೋಡ್ತಿದ್ದೆ. ಒಂದು ಬೆಳೆಯೂ ಕೆಟ್ಟಿರಲಿಲ್ಲ. ಊರಿಗೆ ಅದು ಮರೆತುಹೋಯ್ತು. ನಾನೂ ಮರೆತವಳ ಥರ ಇದ್ದುಬಿಟ್ಟೆ. ತಪ್ಪು ನಂದು ಮಗಾ. ಆ ಒಲೆ ಆರಿಸು."

ದೇವೀರಮ್ಮ ಒಲೆಗೆ ನೀರು ಹೊಯ್ದಳು. ಗೂಡುಗಳನ್ನು ತಂಪಾದ ಬಿತ್ತನೆ ಕೋಣೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರವಿದಳು. ಕತ್ತರಿಯನ್ನು ಅತ್ತೆಯ ಸೆರಗಿಗೆ ಕಟ್ಟಿದಳು. ಕಲ್ಲಿನ ಚೀಲಕ್ಕೆ ಬಿಗಿಯಾಗಿ ಗಂಟು ಹಾಕಿ ದೀಪದ ಗೂಡಿನಲ್ಲಿಟ್ಟಳು.

ಅಲ್ಲಿಂದ ಕಾಯುವುದು. ಕತ್ತರಿಯಿಂದ ಕೊಯ್ಯುವುದಕ್ಕಿಂತ ಸುಮ್ಮನೆ ಕೂರುವುದು ಎಷ್ಟು ಕಷ್ಟ ಅನ್ನುವುದು ಕೂತವರಿಗೇ ಗೊತ್ತು. ದಿನಕ್ಕೆ ಹತ್ತು ಸಲ ಅವಳು ಆ ಕೋಣೆಗೆ ಹೋಗಿ ಬರುತ್ತಿದ್ದಳು. ಗೂಡುಗಳು ಇಟ್ಟ ಹಾಗೇ ಇರುತ್ತಿದ್ದವು. ಒಂದು ಸದ್ದಿಲ್ಲ, ಒಂದು ಅಲುಗಾಟವಿಲ್ಲ. ಕೈ ಕೆರೆದುಕೊಂಡು ವಾಪಸ್ಸು ಬರುತ್ತಿದ್ದಳು. ಹೀಗೆ ಎಂಟು ದಿನ ಕಳೆಯಿತು.

ಒಂಬತ್ತನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಒಂದು ಗೂಡಿನ ತುದಿ ಒದ್ದೆಯಾಗಿತ್ತು. ಯಾರೂ ಮುಟ್ಟದೆ, ಯಾರೂ ಕೊಯ್ಯದೆ, ಆ ಒದ್ದೆ ಜಾಗದ ಎಳೆಗಳು ತಾವಾಗಿ ಬಿಚ್ಚಿಕೊಂಡವು. ಒಂದು ಬಿಳಿ ತಲೆ ಹೊರಗೆ ಬಂತು. ಎರಡು ಪುಟ್ಟ ಕಾಲು ಬಂದವು. ನೆನೆದ ಬಟ್ಟೆಯಂತೆ ಮುದುಡಿದ ರೆಕ್ಕೆ ಹೊತ್ತು ಚಿಟ್ಟೆಯೊಂದು ಗೂಡಿನ ಮೇಲೆ ಕೂತಿತು. ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಆ ರೆಕ್ಕೆ ಬಿಚ್ಚಿ ಒಣಗಿತು. ಅಷ್ಟರಲ್ಲಿ ಪಕ್ಕದ್ದು, ಅದರ ಪಕ್ಕದ್ದು, ಆ ಮೂಲೆಯದು. ಇವಕ್ಕೆಲ್ಲ ಒಂದೇ ಬೆಳಗ್ಗೆ ಏಳಬೇಕೆಂದು ಹೇಳಿದವರು ಯಾರು? ಸೂರ್ಯ ಮೇಲೆ ಬರುವಷ್ಟರಲ್ಲಿ ತಟ್ಟೆ ತುಂಬ ರೆಕ್ಕೆಗಳು ನಡುಗುತ್ತಿದ್ದವು. ಗಂಡು ಚಿಟ್ಟೆಗಳು ಹೆಣ್ಣು ಚಿಟ್ಟೆಗಳ ಸುತ್ತ ಪಟಪಟ ಸುತ್ತುತ್ತಿದ್ದವು. ದೇವೀರಮ್ಮ ತಾನು ಉಸಿರಾಡಿದರೆ ಎಲ್ಲಿ ಕೆಡುತ್ತದೋ ಅಂತ ಉಸಿರು ಹಿಡಿದು ನಿಂತಳು.

ಕೊನೆಗೆ ಅತ್ತೆಯ ಕೈ ಹಿಡಿದು ಕರೆತಂದಳು. ಮುದುಕಿ ಅಂಗೈಯನ್ನು ತಟ್ಟೆಯ ಮೇಲೆ, ಮುಟ್ಟದ ಹಾಗೆ ಹಿಡಿದಳು. ನೂರು ಜೋಡಿ ರೆಕ್ಕೆಯ ಗಾಳಿ ಅವಳ ಅಂಗೈಗೆ ತಾಗಿತು.

"ಬಂದವಾ?" ಅಂದಳು.

"ಬಂದವು ಅತ್ತೆ."

ಎರಡು ದಿನದೊಳಗೆ, ಮೊಟ್ಟೆಯಿಡಲೆಂದು ಹಾಸಿದ ಬಟ್ಟೆಗಳ ಮೇಲೆಲ್ಲ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆಗಳು. ಸುದ್ದಿ ತಿಳಿದು ಊರಿನ ಹೆಂಗಸರು ಬಂದರು. ಮುಂದೆ ಕಾಳಮ್ಮಣ್ಣಿಯೇ ನಿಂತಿದ್ದಳು. ಅವಳು ಸೆರಗು ಚಾಚಿದ್ದು ಹೊನ್ನಾಜಮ್ಮನ ಕಡೆಗೆ. ಹೊನ್ನಾಜಮ್ಮ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ನನ್ನ ಕೈಯಲ್ಲಿ ಏನೂ ಇಲ್ಲ ಕಣವ್ವ. ಇರೋದು ಅವಳ ಕೈಯಲ್ಲಿ."

ಕಾಳಮ್ಮಣ್ಣಿಯ ಮುಖ ಸಣ್ಣದಾಯಿತು. ಚಾಚಿದ ಸೆರಗನ್ನು ನಿಧಾನವಾಗಿ ದೇವೀರಮ್ಮನ ಕಡೆ ತಿರುಗಿಸಿದಳು. ದೇವೀರಮ್ಮ ಮೊಟ್ಟೆಯ ಬಟ್ಟೆಯೊಂದನ್ನು ಎರಡು ಕೈಯಲ್ಲೂ ಎತ್ತಿ ಅದರಲ್ಲಿಟ್ಟಳು. ಹನ್ನೊಂದು ವರ್ಷದಲ್ಲಿ ಒಂದು ಸೀಮಂತಕ್ಕೂ ಮಡಿಲು ತುಂಬು ಬಾ ಅಂತ ಅವಳನ್ನು ಯಾರೂ ಕರೆದಿರಲಿಲ್ಲ. ಆವತ್ತು ಊರಿನ ಅಷ್ಟೂ ಹೆಂಗಸರು ಸಾಲಾಗಿ ನಿಂತು ಅವಳಿಂದ ಮಡಿಲು ತುಂಬಿಸಿಕೊಂಡು ಹೋದರು.

ಆಮೇಲೆ ಅವಳಿಗೆ ಮಗು ಆಯಿತಾ ಅಂತ ಕೇಳುತ್ತೀರಿ, ಗೊತ್ತು. ಆಗಲಿಲ್ಲ. ಆದರೆ ಬಸುರಿಕಲ್ಲು ಕೈಗೆ ಬಂತೆಂದು ಅವಳು ಮತ್ತೆಂದೂ ಗೋಡೆಗೆ ಮುಖ ಮಾಡಿ ಮಲಗಲಿಲ್ಲ. ಆ ಮುಚ್ಚಿದ ಚೌಕವನ್ನು ಹೆಬ್ಬೆರಳಿನಿಂದ ಒಂದು ಸುತ್ತು ಸವರುತ್ತಿದ್ದಳು, ಕಲ್ಲನ್ನು ಚೀಲಕ್ಕೆ ಹಾಕಿ, ಸೊಪ್ಪು ಕೊಯ್ಯಲು ಹೋಗುತ್ತಿದ್ದಳು.

ನೀತಿ: ಹುಟ್ಟುವುದು ಮುಚ್ಚಿದ ಜಾಗದಲ್ಲೇ ಬೆಳೆಯುತ್ತದೆ. ನಂಬಿಕೆ ಸಾಲದೆ ಅದನ್ನು ಬಗೆದು ನೋಡಿದವರು ತಮ್ಮ ಕೈಯಾರೆ ಕೊಂದು, ಆಮೇಲೆ ತಮ್ಮ ಹಣೆಬರಹವನ್ನು ಬೈಯುತ್ತಾರೆ. ಮಾಡುವಷ್ಟು ಮಾಡಿ ಕಾಯುವ ಕೈಯೇ ಫಲ ಕೊಡುವ ಕೈ.